ಕಾಯಿಲೆಗೆ ಸಾಕ್ಷಿ ಕೇಳುವ ಊರು

2012ರ ಜುಲೈನಲ್ಲಿ ಮಾವಳ್ಳಿಪುರಕ್ಕೆ ಕಸದ ಲಾರಿಗಳು ಹೋಗುವುದು ನಿಂತಿತು. ಯಲಹಂಕದ ಆಚೆ ಇರುವ ಆ ಹಳ್ಳಿಯಲ್ಲಿ ವರ್ಷಗಟ್ಟಲೆ ಬೆಂಗಳೂರಿನ ಕಸ ಗುಡ್ಡೆ ಬಿದ್ದಿತ್ತು. ಊರಿನವರು ಪಟ್ಟು ಹಿಡಿದು ಕೂತರು. ಮಾಲಿನ್ಯ ನಿಯಂತ್ರಣ ಮಂಡಳಿ ಮುಚ್ಚಿ ಅಂತ ಆದೇಶ ಕೊಟ್ಟಿತು. ಒಂದೆರಡು ತಿಂಗಳಲ್ಲೇ ಇಡೀ ಬೆಂಗಳೂರು ನಾರತೊಡಗಿತು. ಗಾರ್ಡನ್ ಸಿಟಿ ಹೋಗಿ ಗಾರ್ಬೇಜ್ ಸಿಟಿ ಆಯ್ತು ಅನ್ನುವ ಜೋಕು ಎಲ್ಲರ ಬಾಯಲ್ಲೂ ಓಡಾಡಿತು.

ನಗರ ಆಗ ಮಾಡಿದ್ದೇನು? ಲಾರಿಗಳನ್ನು ಮಂಡೂರಿನ ಕಡೆ ತಿರುಗಿಸಿತು. ಅಲ್ಲಿ ಮೊದಲೇ ಕಸ ಬೀಳುತ್ತಿತ್ತು, ಈಗ ಜಾಸ್ತಿ ಬಿತ್ತು. ಕಸದಿಂದ ಕರೆಂಟ್ ಮಾಡುತ್ತೇವೆ ಅಂತ ಅಲ್ಲಿ ಹೇಳಿದ್ದ ಘಟಕ ಶುರುವಾಗಲೇ ಇಲ್ಲ. 2014ರಲ್ಲಿ ಮಂಡೂರಿನವರೂ ಬೀದಿಗೆ ಇಳಿದರು. ನವೆಂಬರ್ ಕೊನೆಗೆ ನಿಲ್ಲಿಸುತ್ತೇವೆ ಅಂತ ಸರ್ಕಾರ ಮಾತು ಕೊಡಬೇಕಾಯಿತು. ಆಮೇಲೆ ದೊಡ್ಡಬಳ್ಳಾಪುರ ತಾಲ್ಲೂಕಿನ ಘಟಕಗಳು, ಬಾಗಲೂರು, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳು. ಒಂದೂರಿನವರು ಗೆದ್ದರೆ ಗುಡ್ಡೆ ಪಕ್ಕದೂರಿಗೆ ಹೋಗುತ್ತದೆ. ದಿನಕ್ಕೆ ಸುಮಾರು 5,000 ಟನ್ ಕಸ ಹುಟ್ಟಿಸುವ ಊರಿದು, ಎಲ್ಲಿಗಾದರೂ ಹೋಗಲೇಬೇಕಲ್ವಾ ಅಂತ ನಾವು ಸುಮ್ಮನಾಗುತ್ತೇವೆ.

ಆದರೆ ‘ಎಲ್ಲಿಗಾದರೂ’ ಅಂದಾಗ ಅದು ಸದಾಶಿವನಗರಕ್ಕಂತೂ ಹೋಗುವುದಿಲ್ಲ. ಹೋಗುವ ಜಾಗ ಯಾವುದು, ಅಲ್ಲಿ ಯಾರಿದ್ದಾರೆ, ಅವರ ಮೈಗೆ ಏನಾಗುತ್ತದೆ? ಈ ಮೂರು ಪ್ರಶ್ನೆ ಕೇಳುವವರನ್ನೇ ಪರಿಸರ ನ್ಯಾಯಕ್ಕಾಗಿ ಕೆಲಸ ಮಾಡುವವರು ಅನ್ನುತ್ತಾರೆ. ಅಮೆರಿಕದಲ್ಲಿ ಈ ಚಳವಳಿಯ ಮೊದಲ ದೊಡ್ಡ ಗುರುತು 1982ರದು. ಉತ್ತರ ಕೆರೊಲಿನಾದ ವಾರನ್ ಕೌಂಟಿಯಲ್ಲಿ, ಹೆಚ್ಚಾಗಿ ಬಡ ಕಪ್ಪು ಜನರೇ ಇದ್ದ ಕಡೆ, ವಿಷದ ಮಣ್ಣು ಹೂಳಲು ಸರ್ಕಾರ ಹೊರಟಿತು. ಜನ ಲಾರಿಗಳ ಮುಂದೆ ಮಲಗಿದರು, ನೂರಾರು ಮಂದಿ ಬಂಧನಕ್ಕೆ ಒಳಗಾದರು. ಮಣ್ಣು ಅಲ್ಲೇ ಬಿತ್ತು. ಆದರೆ ಆ ಗಲಾಟೆಯಿಂದ ಹುಟ್ಟಿದ ಲೆಕ್ಕಾಚಾರ, ಅಧ್ಯಯನಗಳ ಒತ್ತಡಕ್ಕೆ 1994ರಲ್ಲಿ, ಬಡವರ, ಅಲ್ಪಸಂಖ್ಯಾತರ ಮೇಲೆ ಬೀಳುವ ಮಾಲಿನ್ಯದ ಹೊರೆಯನ್ನು ಸರ್ಕಾರಿ ಇಲಾಖೆಗಳು ನೋಡಲೇಬೇಕು ಅನ್ನುವ ಅಧ್ಯಕ್ಷರ ಆದೇಶವೇ ಬಂತು. 2025ರ ಜನವರಿಯಲ್ಲಿ ಅದನ್ನು ರದ್ದೂ ಮಾಡಿದರು. ನಮ್ಮಲ್ಲಿ ರದ್ದು ಮಾಡಲು ಅಂಥ ಆದೇಶವೇ ಇಲ್ಲ. ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ, ಹೈಕೋರ್ಟು, ಹಸಿರು ನ್ಯಾಯಮಂಡಳಿ, ಮತ್ತು ರಸ್ತೆ. ಇಲ್ಲಿ ಕೆಲಸ ಮಾಡುವವರ ಕೈಯಲ್ಲಿ ಇರುವುದು ಇಷ್ಟೇ.

ಬೆಂಗಳೂರಿನ ಈ ಹೋರಾಟಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಇಲ್ಲಿ ಕಾಯಿಲೆ ಬಿದ್ದವರೇ ತಮ್ಮ ಕಾಯಿಲೆಗೆ ಕಾರಣ ಸಾಬೀತು ಮಾಡಬೇಕು. ಕಸ ಸುರಿದವರು, ಕೊಳಚೆ ಬಿಟ್ಟವರು, ನಡೆಯುವುದನ್ನು ನೋಡಿದರೆ, ಏನನ್ನೂ ಸಾಬೀತು ಮಾಡಬೇಕಿಲ್ಲ. ನನ್ನ ಪ್ರಕಾರ ಅನ್ಯಾಯದ ಬೇರು ಇರುವುದು ಇಲ್ಲೇ. ವಾಸನೆ, ನೊರೆ, ಬೆಂಕಿ ಎಲ್ಲ ಆಮೇಲಿನ ಮಾತು.

ಮಾವಳ್ಳಿಪುರವನ್ನೇ ನೋಡಿ. ಹಸಿ ಕಸ, ಒಣ ಕಸ ಬೆರೆಸಿ ಗುಡ್ಡೆ ಹಾಕಿದಾಗ ಒಳಗೆ ಗಾಳಿ ಆಡುವುದಿಲ್ಲ. ಅನ್ನ, ಸಿಪ್ಪೆ ಕೊಳೆತು ಮೀಥೇನ್ ಹುಟ್ಟುತ್ತದೆ, ಬೇಸಿಗೆಯಲ್ಲಿ ಅದೇ ಹೊತ್ತಿಕೊಳ್ಳುತ್ತದೆ. ಮಳೆ ಬಂದರೆ ಕಪ್ಪು ರಸ ಇಳಿಯುತ್ತದೆ. ಲೀಚೆಟ್ ಅನ್ನುತ್ತಾರೆ ಅದಕ್ಕೆ. ಬ್ಯಾಟರಿ, ಬಲ್ಬು, ಪೇಂಟು ಎಲ್ಲದರ ಅಂಶವನ್ನೂ ಕರಗಿಸಿಕೊಂಡು ಅದು ಹಳ್ಳಕ್ಕೆ, ಕೆರೆಗೆ, ಬಾವಿಗೆ ಸೇರುತ್ತದೆ. ಊರಿನವರು ಜ್ವರ, ಚರ್ಮದ ತೊಂದರೆ, ಕಿಡ್ನಿ ಕಾಯಿಲೆ, ಕ್ಯಾನ್ಸರ್ ಅಂತ ಹೇಳುತ್ತಾ ಬಂದರು. ಸರಿ, ಕಸದಿಂದಲೇ ಬಂತು ಅನ್ನುವುದಕ್ಕೆ ಸಾಕ್ಷಿ ಏನು?

ಸಾಕ್ಷಿ ಬೇಕೆಂದರೆ ಕಸ ಬೀಳುವ ಮೊದಲು ಊರಿನ ನೀರು ಹೇಗಿತ್ತು, ಎಷ್ಟು ಜನಕ್ಕೆ ಯಾವ ಕಾಯಿಲೆ ಇತ್ತು ಅನ್ನುವ ದಾಖಲೆ ಬೇಕು. ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಪಕ್ಕದಲ್ಲಿ ಕಸ ಇಲ್ಲದ ಇನ್ನೊಂದು ಊರಿನ ಜೊತೆ ಹೋಲಿಸಬೇಕು, ವರ್ಷಗಟ್ಟಲೆ ಹಿಂದೆ ಬೀಳಬೇಕು. ಕೂಲಿ ಬಿಟ್ಟು ಬಂದವರಿಗೆ ಇದು ಆಗುವ ಮಾತಾ? ಈ ನಡುವೆ ಯಲಹಂಕದ ವಾಯುನೆಲೆಯವರೂ ಈ ಗುಡ್ಡೆಗೆ ಆಕ್ಷೇಪ ಎತ್ತಿದ್ದರು. ಕಸಕ್ಕೆ ಬರುವ ಹದ್ದುಗಳು ವಿಮಾನಕ್ಕೆ ಬಡಿದರೆ ಅನಾಹುತ ಅಂತ. ವಿಮಾನಕ್ಕೆ ಅಪಾಯ ಇದೆ ಅನ್ನಲು ಹದ್ದು ಹಾರುವುದು ಕಂಡರೆ ಸಾಕು, ಡಿಕ್ಕಿ ಆಗುವವರೆಗೆ ಕಾಯಬೇಕಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಬೇರೆ ನಿಯಮ.

ಇಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನಂಥ ಸಂಘಟನೆಗಳ ಕೆಲಸ ಅರ್ಥವಾಗುತ್ತದೆ. ಲಿಯೋ ಸಲ್ಡಾನಾ ಮತ್ತು ಅವರ ಜೊತೆಗಾರರು ಊರಿನ ದಲಿತ ಸಂಘಟನೆಗಳ ಜೊತೆ ನಿಂತರು, ಹೈಕೋರ್ಟಿನ ತನಕ ಹೋದರು. ಹೊರಗಿನಿಂದ ನೋಡಿದರೆ ಧರಣಿ, ಘೋಷಣೆ ಅಷ್ಟೇ ಕಾಣುತ್ತದೆ. ಆದರೆ ಇಂಥ ಕೆಲಸದ ಮುಕ್ಕಾಲು ಪಾಲು ಕಾಗದದ್ದು. ಅರ್ಜಿ, ಮಾಹಿತಿ ಹಕ್ಕಿನ ಉತ್ತರ, ನೀರಿನ ಪರೀಕ್ಷೆಯ ವರದಿ, ಫೋಟೊ, ತಾರೀಖು. ಊರಿನವರ ಕಷ್ಟ ಕೋರ್ಟಿಗೆ ಅರ್ಥವಾಗುವ ರೂಪಕ್ಕೆ ಬರಬೇಕಾದರೆ ಇಷ್ಟೆಲ್ಲ ಬೇಕು.

ಅಳೆದು ತೋರಿಸಿದರೆ ಏನಾಗಬಹುದು ಅನ್ನುವುದಕ್ಕೆ ಬೆಂಗಳೂರಿನಲ್ಲೇ ಒಂದು ಹಳೆಯ ಉದಾಹರಣೆ ಇದೆ. 1990ರ ದಶಕದ ಕೊನೆಗೆ ಇಲ್ಲಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿತು. ಸೀಸದ ವಿಷಯದಲ್ಲಿ ಆಗಿನಿಂದಲೂ ಬೆನ್ನು ಬಿದ್ದವರು ಇಲ್ಲಿನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್. ಪರೀಕ್ಷೆ ಮಾಡಿದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಆಗಿನ ಮಿತಿಯಾದ ಪ್ರತಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂಗಿಂತ ಜಾಸ್ತಿ ಸೀಸ ಸಿಕ್ಕಿತು. 2000ದಲ್ಲಿ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ಈ ಅಧ್ಯಯನ ಒಂದೇ ಕಾರಣ ಅಲ್ಲ, ಸುಪ್ರೀಂ ಕೋರ್ಟಿನ ಒತ್ತಡವೂ ಇತ್ತು. ಆದರೆ ಮಕ್ಕಳ ರಕ್ತದ ಅಂಕಿ ಕೈಯಲ್ಲಿದ್ದಾಗ ವಾದ ಮಾಡುವ ರೀತಿಯೇ ಬದಲಾಗುತ್ತದೆ. ಪೆಟ್ರೋಲಿನ ಸೀಸ ಎಲ್ಲರ ಮಕ್ಕಳಿಗೂ ತಾಕುತ್ತಿತ್ತು ಅನ್ನುವುದನ್ನೂ ಮರೆಯಬಾರದು. ಗಲ್ಲಿಗಳಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆ ವಾಸ ಮಾಡುವ ಮಕ್ಕಳ ರಕ್ತವನ್ನು ಅಷ್ಟೇ ಹುರುಪಿನಿಂದ ಯಾರೂ ಅಳೆದಂತಿಲ್ಲ.

ಇನ್ನು ಕಸ ಎತ್ತುವವರ ಕಡೆ ಬರೋಣ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅದರಲ್ಲೂ ಹೆಂಗಸರು. ಎಷ್ಟೋ ಮಂದಿ ತೆಲುಗು ಮನೆಮಾತಿನವರು. ಬೆಳಿಗ್ಗೆ ಆರೂವರೆಗೆ ಹಾಜರಿ. ಆಮೇಲೆ ಕಡ್ಡಿ ಪೊರಕೆ ಹಿಡಿದು ರಸ್ತೆ ಗುಡಿಸಬೇಕು. ಧೂಳು, ಒಣಗಿದ ಎಲೆ, ಉಗಿದ ಎಲೆ ಅಡಿಕೆ, ಹಿಂದಿನ ರಾತ್ರಿ ಯಾರೋ ಕಾರಿನಿಂದ ಎಸೆದ ಕವರ್. ಮಧ್ಯಾಹ್ನದವರೆಗೆ ರಸ್ತೆಯೇ ಆಫೀಸು. ಆ ಆಫೀಸಿನಲ್ಲಿ ಶೌಚಾಲಯ ಇಲ್ಲ. ಹೋಟೆಲಿಗೆ ಹೋದರೆ ಒಳಗೆ ಬಿಡುವುದಿಲ್ಲ, ಮನೆಗಳಲ್ಲಿ ಕೇಳಲು ಸಂಕೋಚ. ಅದಕ್ಕೇ ಎಷ್ಟೋ ಹೆಂಗಸರು ಕೆಲಸದ ಹೊತ್ತಿನಲ್ಲಿ ನೀರೇ ಕುಡಿಯುವುದಿಲ್ಲ. ಕುಡಿದರೆ ಹೋಗೋದೆಲ್ಲಿಗೆ ಅನ್ನುವ ಲೆಕ್ಕ.

ಹೀಗೆ ವರ್ಷಗಟ್ಟಲೆ ನೀರು ಕುಡಿಯದೆ, ಮೂತ್ರ ತಡೆದುಕೊಂಡರೆ ಸೋಂಕು ಬರುತ್ತದೆ, ಕಲ್ಲು ಆಗುತ್ತದೆ. ಆಸ್ಪತ್ರೆಗೆ ಹೋದರೆ ಡಾಕ್ಟರು ಚೀಟಿಯಲ್ಲಿ ‘ಮೂತ್ರದ ಸೋಂಕು’ ಅಂತ ಬರೆದು ಮಾತ್ರೆ ಕೊಡುತ್ತಾರೆ. ಅದು ಸರಿಯೇ. ಆದರೆ ರೋಗಿಯ ಹೆಸರು, ವಯಸ್ಸಿನ ಜೊತೆ ಏನು ಕೆಲಸ ಮಾಡುತ್ತಾರೆ ಅನ್ನುವುದನ್ನು ನಮ್ಮ ಚೀಟಿಗಳಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಒಂದು ವಾರ್ಡಿನ ಗುಡಿಸುವವರಿಗೆಲ್ಲ ಒಂದೇ ಕಾಯಿಲೆ ಬಂದರೂ ಅದು ನೂರು ಬಿಡಿ ಬಿಡಿ ಹೆಂಗಸರ ಕಾಯಿಲೆಯಾಗಿ ಉಳಿಯುತ್ತದೆ. ಶೌಚಾಲಯ ಇಲ್ಲದ ರಸ್ತೆಯ ಹೆಸರು ಆ ಚೀಟಿಯಲ್ಲಿ ಬರುವುದೇ ಇಲ್ಲ. ಅವರಿಗಾಗಿ ‘ಸುವಿಧಾ ಕ್ಯಾಬಿನ್’ ಅಂತ ವಿಶ್ರಾಂತಿ ಕೊಠಡಿಗಳನ್ನು ಪಾಲಿಕೆ ಅಲ್ಲಲ್ಲಿ ಇಟ್ಟಿತು. ಒಳ್ಳೆಯದೇ. ಆದರೆ ಗುಡಿಸುವ ಬೀದಿಗೂ ಕ್ಯಾಬಿನ್ನಿಗೂ ಎಷ್ಟು ದೂರ ಅನ್ನುವುದೇ ಮುಖ್ಯ.

ಪೌರಕಾರ್ಮಿಕರ ಸ್ಥಿತಿಗತಿ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ ವರದಿ ಕೊಟ್ಟಿದ್ದು 1976ರಲ್ಲಿ. ಇವತ್ತಿಗೂ ಸಂಘದವರ ಭಾಷಣಗಳಲ್ಲಿ ಆ ಹೆಸರು ಬರುತ್ತದೆ ಅಂದರೆ ಅದು ಎಷ್ಟು ಜಾರಿಯಾಯಿತು ಅಂತ ನೀವೇ ಊಹಿಸಿ. ಗುತ್ತಿಗೆದಾರರ ಕಾಲದಲ್ಲಿ ಪಿಎಫ್, ಇಎಸ್‌ಐ ಹಣ ಕಟ್ಟದೆ ನುಂಗಿದ ದೂರುಗಳು ಲೆಕ್ಕವಿಲ್ಲದಷ್ಟು. ಇಎಸ್‌ಐ ಇಲ್ಲ ಅಂದರೆ ಆಸ್ಪತ್ರೆ ಖರ್ಚು ಕೈಯಿಂದಲೇ. 2017-18ರ ಹೊತ್ತಿಗೆ ಗುಡಿಸುವವರಿಗೆ ಪಾಲಿಕೆಯಿಂದಲೇ ನೇರ ಸಂಬಳ ಬಂತು. 2022ರ ಜುಲೈನಲ್ಲಿ ರಾಜ್ಯದ ತುಂಬ ಪೌರಕಾರ್ಮಿಕರು ನಾಲ್ಕು ದಿನ ಪೊರಕೆ ಕೆಳಗಿಟ್ಟರು, ಕಾಯಂ ಮಾಡುತ್ತೇವೆ ಅಂತ ಸರ್ಕಾರ ಒಪ್ಪಿಕೊಂಡಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು.

ಇದು ಸಣ್ಣ ಗೆಲುವಲ್ಲ. ಇದನ್ನು ನಾನು ಆರೋಗ್ಯದ ಗೆಲುವು ಅಂತಲೇ ಎಣಿಸುತ್ತೇನೆ. ಕೆಲಸ ಕಾಯಂ ಆದರೆ ಜ್ವರ ಬಂದ ದಿನ ರಜೆ ಹಾಕಬಹುದು. ಮೇಸ್ತ್ರಿ ಎದುರು ‘ಗ್ಲೌಸ್ ಕೊಡಿ’ ಅಂತ ಕೇಳಬಹುದು. ಮಾತ್ರೆ, ಟಾನಿಕ್ಕಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಆದರೆ ಮನೆ ಮನೆಗೆ ಬರುವ ಕಸದ ಆಟೊ ಓಡಿಸುವವರು, ಹೆಲ್ಪರುಗಳು, ಕಾಂಪ್ಯಾಕ್ಟರಿಗೆ ಲೋಡ್ ಮಾಡುವವರು ಆ ಪಟ್ಟಿಯಲ್ಲಿ ಬರಲಿಲ್ಲ. ನಮ್ಮ ಮನೆಯ ಕಸವನ್ನು ನಿಜವಾಗಿ ಕೈಯಲ್ಲಿ ಮುಟ್ಟುವವರು ಅವರೇ.

ಮುಟ್ಟುವುದು ಅಂದರೆ ಏನು ಅನ್ನುವುದಕ್ಕೆ ಯಾವುದಾದರೂ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಒಮ್ಮೆ ಹೋಗಿ ನೋಡಬೇಕು. ಚೀಲ ಬಿಚ್ಚಿ ನೆಲಕ್ಕೆ ಸುರಿಯುತ್ತಾರೆ. ಹಾಲಿನ ಕವರ್ ಒಂದು ಕಡೆ, ರಟ್ಟು ಒಂದು ಕಡೆ, ನೀರಿನ ಬಾಟಲಿ ಒಂದು ಕಡೆ, ಚಿಪ್ಸ್ ಪ್ಯಾಕೆಟ್ ಇನ್ನೊಂದು ಕಡೆ. ಕೈಗಳು ನೋಡದೆಯೇ ವಿಂಗಡಿಸುತ್ತವೆ. ಮುಟ್ಟಿದರೆ ಸಾಕು, ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗುತ್ತದೆ, ಗುಜರಿಯಲ್ಲಿ ಕೆಜಿಗೆ ಎಷ್ಟು ಅಂತಲೂ ಗೊತ್ತು. ನಡುವೆ ಒಂದು ಡಯಾಪರ್ ಬರುತ್ತದೆ. ಇನ್ಸುಲಿನ್ ಸೂಜಿ ಬರುತ್ತದೆ. ಒಡೆದ ಟ್ಯೂಬ್‌ಲೈಟ್ ಬರುತ್ತದೆ. ಮುಚ್ಚಳ ಹಾಕಿದ ಡಬ್ಬಿಯಲ್ಲಿ ಮೂರು ದಿನದ ಸಾಂಬಾರು ಬರುತ್ತದೆ. ಒಣ ಕಸದ ಚೀಲದಲ್ಲಿ ಇವೆಲ್ಲ ಇರಬಾರದು. ಆದರೆ ಇರುತ್ತವೆ.

ಚಿಂದಿ ಆಯುವವರನ್ನು ಪೊಲೀಸರು ಕಳ್ಳರೆಂದು ಹಿಡಿಯುತ್ತಿದ್ದ ಕಾಲ ದೂರದ್ದೇನಲ್ಲ. 2011ರಲ್ಲಿ, ಲೋಕ ಅದಾಲತ್ತಿನ ಮುಂದೆ ವಿಷಯ ಹೋದ ಮೇಲೆ, ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು.  ಇದರ ಹಿಂದೆ ನಿಂತ ಹಸಿರು ದಳ ಅನ್ನುವ ಸಂಸ್ಥೆ, ಅದನ್ನು ಕಟ್ಟಿದ ನಳಿನಿ ಶೇಖರ್ ಮತ್ತು ಅವರ ಜೊತೆಗಾರರು ಆಮೇಲೆ ಆ ಚೀಟಿಯಿಂದ ಒಂದೊಂದೇ ಬಾಗಿಲು ತೆರೆಸಿದರು. ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ಮಕ್ಕಳ ಶಾಲೆ, ಒಣ ಕಸ ಕೇಂದ್ರ ನಡೆಸುವ ಅವಕಾಶ. ಪಾಲಿಕೆಯ ಮುದ್ರೆ ಇರುವ ಒಂದು ಸಣ್ಣ ಕಾರ್ಡು, ಕತ್ತಿನಲ್ಲಿ ನೇತಾಡಿದರೆ ಬೀಟ್ ಪೊಲೀಸ್ ಸುಮ್ನೆ ಹೋಗುತ್ತಾನೆ. ಮತ್ತೆ ಅದೇ ಮಾತು. ನೀನು ಯಾರು ಅಂತ ಸಾಬೀತು ಮಾಡುವ ಹೊರೆ ಇಲ್ಲೂ ಬಡವರ ಮೇಲೆಯೇ ಇತ್ತು.

2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲ ಕಡ್ಡಾಯ ಅಂತ ಹೇಳಿತು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ಚೀಲ, ಸ್ಯಾನಿಟರಿ ಕಸಕ್ಕೆ ಕೆಂಪು. ಇದಕ್ಕೆ ಮುಂಚೆಯೇ ಬಡಾವಣೆಗಳ ಹೆಂಗಸರು ಗುಂಪು ಕಟ್ಟಿಕೊಂಡು ಇದನ್ನು ಮಾಡಿ ತೋರಿಸಿದ್ದರು. ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕಿ ಹಾಕಿ ಕೊಡಿ ಅನ್ನುವ ಅಭಿಯಾನವೂ ಈ ಊರಿನಲ್ಲಿ ನಡೆಯಿತು. ಕೆಂಪು ಚುಕ್ಕಿ ಕಂಡರೆ ಕಸ ಎತ್ತುವವರು ಬಿಚ್ಚುವುದಿಲ್ಲ, ಅಷ್ಟೇ. ಒಂದು ಸ್ಕೆಚ್ ಪೆನ್ನಿನ ಖರ್ಚು. ಇಂಥದ್ದನ್ನು ಯೋಚಿಸಿದವರಿಗೆ ನಾನು ಕೈ ಮುಗಿಯುತ್ತೇನೆ. ಯಾಕೆಂದರೆ ಅವರು ಕಸವನ್ನು ತಮ್ಮ ಮನೆ ಬಾಗಿಲಿನಿಂದ ನೋಡದೆ, ಅದನ್ನು ಬಿಚ್ಚುವವರ ಕೈಯಿಂದ ನೋಡಿದರು.

ಎಲ್ಲ ಪರಿಸರಪ್ರೇಮಿಗಳೂ ಹಾಗಿಲ್ಲ. ಕೆರೆ ಉಳಿಸಿ ಅನ್ನುವ ಗದ್ದಲದಲ್ಲಿ ಮೊದಲು ಬೀಳುವುದು ಕೆರೆಯಂಚಿನ ಶೆಡ್ಡುಗಳು, ಗುಡಿಸಲುಗಳು. ರಾಜಕಾಲುವೆ ಮೇಲಿನ ದೊಡ್ಡ ಲೇಔಟುಗಳಿಗೆ ಸರ್ವೆ, ನೋಟಿಸು, ಸ್ಟೇ ಎಲ್ಲ ಇರುತ್ತದೆ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳನ್ನು ಒಡೆದು ಹಾಕಿದರು, ಅಲ್ಲಿ ನೆಪ ಕೆರೆಯಲ್ಲ, ಅಕ್ರಮ ಬಾಂಗ್ಲಾದೇಶಿಗಳು ಅನ್ನುವ ಆರೋಪ. ಅಂಥ ಶೆಡ್ಡುಗಳಲ್ಲಿ ಇರುವವರು ಯಾರು? ಸುತ್ತಲ ಅಪಾರ್ಟ್‌ಮೆಂಟುಗಳ ಮನೆಗೆಲಸದವರು, ಸೆಕ್ಯುರಿಟಿಯವರು, ಕಸ ವಿಂಗಡಿಸುವವರು. ಹೈಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಹಸಿರಿನ ಹೆಸರಿನಲ್ಲಿ ಬಡವರನ್ನು ಎಬ್ಬಿಸುವುದು ಪರಿಸರದ ಕೆಲಸ ಹೌದೋ ಅಲ್ವೋ ಅನ್ನುವ ಜಗಳ ಬೆಂಗಳೂರಿನ ಸಂಘಟನೆಗಳ ಒಳಗೆ ಇನ್ನೂ ಮುಗಿದಿಲ್ಲ. ಮುಗಿಯಬೇಕಾದ ಜಗಳವೂ ಅಲ್ಲ ಅನ್ನಿ.

ಬೆಳ್ಳಂದೂರು ಅಂದ ಮೇಲೆ ನೊರೆ ನೆನಪಾಗುತ್ತದೆ. 2015ರಲ್ಲಿ ನೊರೆಗೆ ಬೆಂಕಿ ಬಿತ್ತು, 2017ರಲ್ಲಿ, 2018ರಲ್ಲಿ ಕೆರೆಯೇ ಹೊತ್ತಿ ಉರಿಯಿತು. ಪ್ರಪಂಚದ ಟಿವಿಗಳಲ್ಲೆಲ್ಲ ಬಂತು. ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಕೋಟಿಗಟ್ಟಲೆ ದಂಡ ಹಾಕಿತು. ಚೆನ್ನಾಗಿದೆ. ಆದರೆ ಅದೇ ನೊರೆ ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಬಿಡದಿ ಹತ್ತಿರದ ಬೈರಮಂಗಲದಲ್ಲಿ ಏಳುತ್ತಿತ್ತು. ಅಲ್ಲಿ ಐಟಿ ಕಂಪನಿಗಳಿರಲಿಲ್ಲ, ಟಿವಿಯೂ ಬರಲಿಲ್ಲ.

ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಅನ್ನುವುದು ನಂಬಿಕೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಪಕ್ಕ ಬರುವ ಹೊತ್ತಿಗೆ ಅದು ಮೋರಿ. ಪಶ್ಚಿಮ ಬೆಂಗಳೂರಿನ ಮನೆಗಳ ಕೊಳಚೆ, ಪೀಣ್ಯದ ಕಡೆಯ ಕಾರ್ಖಾನೆಗಳ ನೀರು ಎಲ್ಲ ಕೂಡಿಕೊಂಡು ಬೈರಮಂಗಲದ ಜಲಾಶಯ ಸೇರುತ್ತದೆ, ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ಆ ಜಲಾಶಯ ಕಟ್ಟಿದ್ದು ರೈತರ ಗದ್ದೆಗೆ ನೀರು ಕೊಡಲು. ಈಗ ಭತ್ತದ ಜಾಗದಲ್ಲಿ ಬೇಬಿ ಕಾರ್ನ್, ಹಿಪ್ಪುನೇರಳೆ, ಸೀಮೆಹಸುವಿಗೆ ಮೇವು. ನೀರಿಗೆ ಇಳಿದರೆ ಕೈಕಾಲು ತುರಿಕೆ, ಕೂಲಿಗೆ ಜನ ಬರಲು ಹಿಂದೇಟು. ಆ ಬೇಬಿ ಕಾರ್ನ್, ಆ ಹಾಲು ಎಲ್ಲಿಗೆ ಬರುತ್ತವೆ ಅಂತ ಬೇರೆ ಹೇಳಬೇಕಾ? ನಮ್ಮ ಊರಿಗೇ.

ಅಳತೆಯ ರಾಜಕೀಯ ಇಲ್ಲಿ ಕಣ್ಣಿಗೆ ರಾಚುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಗಳು ನೀರನ್ನು ಎ ಇಂದ ಇ ತನಕ ದರ್ಜೆ ಮಾಡುತ್ತವೆ. ಇ ದರ್ಜೆ ಅಂದರೆ ನೀರಾವರಿಗೆ, ಕಾರ್ಖಾನೆ ತಂಪು ಮಾಡಲು ಆಗುವ ನೀರು. ಬೆಂಗಳೂರಿನ ಹೆಚ್ಚಿನ ಕೆರೆಗಳು ಡಿ, ಇ ಸುತ್ತಮುತ್ತಲೇ ಇರುತ್ತವೆ. ಈಗ ಇ ದರ್ಜೆ ಕೊಡಲು ಏನೇನು ನೋಡುತ್ತಾರೆ ನೋಡಿ. ಪಿಎಚ್, ವಿದ್ಯುತ್ ವಾಹಕತೆ, ಸೋಡಿಯಂ ಪ್ರಮಾಣ, ಬೋರಾನ್. ಅಷ್ಟೇ. ಬೆಳೆಗೆ ತೊಂದರೆ ಆಗಬಾರದು ಅನ್ನುವ ಲೆಕ್ಕ ಅದು. ಸೀಸ, ಕ್ರೋಮಿಯಂ, ನಿಕ್ಕಲ್ ಆ ಪಟ್ಟಿಯಲ್ಲಿ ಇಲ್ಲ. ನೀರಿನಲ್ಲಿ ನಿಂತು ಕೆಲಸ ಮಾಡುವ ಹೆಂಗಸಿಗೆ ತಾಗುವ ರೋಗಾಣುಗಳೂ ಆ ಪಟ್ಟಿಯಲ್ಲಿ ಇಲ್ಲ. ಬೇರೆ ಕಾನೂನು, ಬೇರೆ ಮಿತಿಗಳಿವೆ, ಇಲ್ಲ ಅಂತಲ್ಲ. ಆದರೆ ರೈತರ ಕಿವಿಗೆ ಬೀಳುವ ಉತ್ತರ ಮಾತ್ರ ‘ನೀರಾವರಿ ದರ್ಜೆ’ ಅನ್ನುವುದೇ. ಬೆಂಗಳೂರಿನ ಪರಿಸರ ಅಧ್ಯಯನ ಸಂಸ್ಥೆ ಏಟ್ರೀಯಂಥ ಕಡೆಯ ಸಂಶೋಧಕರು ಅರ್ಕಾವತಿ ಕಣಿವೆಯಲ್ಲಿ ವರ್ಷಗಟ್ಟಲೆ ನೀರು ಹಿಡಿದು ಪರೀಕ್ಷೆ ಮಾಡಿದ್ದಕ್ಕೆ ಬೆಲೆ ಇರುವುದು ಇದಕ್ಕೇ. ಸರ್ಕಾರ ನೋಡದ ಕಾಲಂ ಅನ್ನು ಅವರು ತುಂಬಿದರು.

ಕೋಲಾರದ ಕಥೆ ಇದಕ್ಕಿಂತ ತೊಡಕಿನದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾಯಿತು. ಶುರುವಾದ ಕೆಲವೇ ದಿನಕ್ಕೆ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯ ರೆಡ್ಡಿಯವರು ಕೋರ್ಟಿಗೆ ಹೋದರು. ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಅದು ಹೋಯಿತು. ಆದರೆ ಸಾವಿರಾರು ಅಡಿ ಕೊರೆದರೂ ನೀರು ಸಿಗದೆ, ಸಿಕ್ಕರೆ ಫ್ಲೋರೈಡ್ ಸಿಗುತ್ತಿದ್ದ ಊರಿನವರಿಗೆ ತುಂಬಿದ ಕೆರೆ ಕಂಡಾಗ ಆದ ಖುಷಿಯೂ ಸುಳ್ಳಲ್ಲ. ಬತ್ತಿದ್ದ ಬೋರುಗಳಲ್ಲಿ ನೀರು ಏರಿತು. ನೀರು ಬೇಡ ಅಂತ ಯಾರೂ ಹೇಳಲಿಲ್ಲ. ಬೆಂಗಳೂರಿನವರಾದರೆ ಕುಡಿಯದ, ಮುಟ್ಟದ ನೀರನ್ನು ನಮಗೆ ಕೊಡುವಾಗ ಇನ್ನೊಂದು ಹಂತ ಶುದ್ಧ ಮಾಡಿ ಅಂದರು, ಅಷ್ಟೇ. ಅದಕ್ಕೆ ಬಂದ ಉತ್ತರ ಏನೆಂದರೆ, ತೊಂದರೆ ಆಗಿದೆ ಅನ್ನಲು ಸಾಕ್ಷಿ ತೋರಿಸಿ.

ಮ್ಯಾನ್‌ಹೋಲ್ ವಿಷಯಕ್ಕೆ ಬಂದರೆ ಸಾಕ್ಷಿ ಕೇಳುವ ಪ್ರಶ್ನೆಯೇ ಏಳಬಾರದು, ಹೆಣವೇ ಮುಂದಿರುತ್ತದೆ. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅಲ್ಲಿನ ಒಣ ಕಕ್ಕಸುಗಳ ವಿರುದ್ಧ ಶುರು ಮಾಡಿದ ಹೋರಾಟ ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶದ ತುಂಬ ಬೆಳೆಯಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೈಯಲ್ಲಿ ಮಲ ಎತ್ತಿಸುವುದನ್ನು, ರಕ್ಷಣೆ ಇಲ್ಲದೆ ಗುಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. 2014ರಲ್ಲಿ ಸುಪ್ರೀಂ ಕೋರ್ಟು ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂದಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೊಳಚೆ ಶುದ್ಧ ಮಾಡುವ ಎಸ್‌ಟಿಪಿ ಗುಂಡಿಗಳಲ್ಲಿ ಜನ ಉಸಿರು ಕಟ್ಟಿ ಸತ್ತಿದ್ದಾರೆ. ಅಲ್ಲೂ ಮೊದಲ ಜಗಳ ಇದೇ. ಅವನು ತಾನಾಗಿ ಇಳಿದನೋ, ಇಳಿಸಿದರೋ? ಕೆಲಸಕ್ಕೆ ಇಟ್ಟುಕೊಂಡವರು ಯಾರು, ಅಸೋಸಿಯೇಷನ್ನೋ, ಏಜೆನ್ಸಿಯೋ? ಸತ್ತವನ ಹೆಂಡತಿ ಠಾಣೆಯಲ್ಲಿ ಕೂತು ಇದಕ್ಕೆಲ್ಲ ಉತ್ತರ ಕೊಡಬೇಕು.

ನೀರಿನ ಲೆಕ್ಕವನ್ನೂ ಒಂದು ಸಲ ಹಾಕಿಬಿಡೋಣ. ಜಲಮಂಡಳಿ ಸಂಪರ್ಕ ಇರುವ ಮನೆಗೆ 2025ರ ದರ ಏರಿಕೆಗೆ ಮುಂಚೆ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರಿಗೆ 7 ರೂಪಾಯಿ. ನಲ್ಲಿ ಇಲ್ಲದ ಗಲ್ಲಿಯವರು ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಕಾಸು ಹಾಕಿ 5 ರೂಪಾಯಿಗೆ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತಿದ್ದರು. ಅಂದರೆ ಸಾವಿರ ಲೀಟರಿಗೆ 250 ರೂಪಾಯಿ. ಕುಡಿಯಲು ಮಾತ್ರ ತರುತ್ತಾರೆ, ಒಪ್ಪೋಣ. ಆದರೂ 35 ಪಟ್ಟು. ಮೇಲಾಗಿ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುವ ಸೊಂಟ ಯಾರದ್ದು? 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿ ಬತ್ತಿದಾಗ ದೊಡ್ಡ ಸುದ್ದಿಯಾದದ್ದು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅನ್ನುವುದು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ ತಂದ ನೀರು ಅದು. ಸೇರಿಸಿಕೊಂಡು 17 ವರ್ಷ ಆದ ಮೇಲೆ.

ಇಷ್ಟೆಲ್ಲ ಹೇಳಿದ ಮೇಲೆ ಆರೋಗ್ಯದವರು ಏನು ಮಾಡುತ್ತಿದ್ದಾರೆ ಅನ್ನುವ ಪ್ರಶ್ನೆ ಸಹಜ. ಬೆಂಗಳೂರಿಗೆ ಇದರಲ್ಲಿ ಒಂದು ಪರಂಪರೆಯೇ ಇದೆ. ಡಾ. ರವಿ ನಾರಾಯಣ್, ಡಾ. ತೆಲ್ಮಾ ನಾರಾಯಣ್ 1984ರಲ್ಲಿ ಶುರು ಮಾಡಿದ ಕಮ್ಯುನಿಟಿ ಹೆಲ್ತ್ ಸೆಲ್ ವೈದ್ಯರನ್ನು ಆಸ್ಪತ್ರೆಯಿಂದ ಹೊರಗೆ, ಜನರ ಬೀದಿಗೆ ಕರೆತರುವ ಕೆಲಸ ಮಾಡುತ್ತಾ ಬಂತು. ಕಾಡುಗೊಂಡನಹಳ್ಳಿಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನವರು ಮನೆ ಮನೆಗೆ ಹೋಗಿ, ಸಕ್ಕರೆ ಕಾಯಿಲೆ, ಬಿಪಿ ಇರುವ ಬಡವರು ಔಷಧಿಗೆ ಎಷ್ಟು ಸುರಿಯುತ್ತಿದ್ದಾರೆ ಅಂತ ಲೆಕ್ಕ ಹಾಕಿದರು. ಇಂಥವರಿಂದ ಕಲಿಯಬೇಕಾದ್ದು ಇಷ್ಟೇ: ಕಾಯಿಲೆಯ ಲೆಕ್ಕ ಮನೆ ಬಾಗಿಲಲ್ಲಿ ಸಿಗುತ್ತದೆ, ಹೋಗಿ ಕೇಳುವವರು ಬೇಕು. 2022ರ ಕೊನೆಯಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳು ಈಗ ವಾರ್ಡು ವಾರ್ಡಿನಲ್ಲಿವೆ. ಅಲ್ಲಿನ ದಾಖಲೆಯಲ್ಲಿ ಕೆಲಸ ಏನು, ಮನೆ ಎಲ್ಲಿ, ನೀರು ಎಲ್ಲಿಂದ ಅನ್ನುವ ಮೂರು ಕಾಲಂ ತಪ್ಪದೆ ತುಂಬಿದರೆ ಎರಡು ವರ್ಷದಲ್ಲಿ ಈ ಊರಿನ ಬಗ್ಗೆ ನಮಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಗೊತ್ತಾಗುತ್ತದೆ. ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರಿಗೆ ಇದೆಲ್ಲ ಈಗಲೇ ಗೊತ್ತು. ಅವರನ್ನು ಕೇಳುವುದು ಬಿಟ್ಟು ನಾವು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಕೂರಿಸಿದ್ದೆವು.

ಆಡಳಿತದ ಕಡೆ ಬಂದರೆ, 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ವೋಟು ಕೇಳಲು ಬರುವವರನ್ನು ನಮ್ಮ ವಾರ್ಡಿನ ಕಸ ಯಾವ ಊರಿಗೆ ಹೋಗುತ್ತೆ, ಆ ಊರಿನ ಬೋರಿನ ನೀರನ್ನು ಕೊನೆಗೆ ಪರೀಕ್ಷೆ ಮಾಡಿದ್ದು ಯಾವಾಗ ಅಂತ ಕೇಳಬಹುದು. ಕೇಳಬೇಕು ಕೂಡ. ಯಾಕೆಂದರೆ ಬೈರಮಂಗಲದವರಿಗೆ, ಕೋಲಾರದವರಿಗೆ, ಲಾರಿ ಹೋಗುವ ಹಳ್ಳಿಗಳ ಪಂಚಾಯಿತಿಯವರಿಗೆ ಈ ಐದು ಪಾಲಿಕೆಗಳಲ್ಲಿ ಒಂದರಲ್ಲೂ ವೋಟಿಲ್ಲ, ವಾರ್ಡ್ ಸಮಿತಿಯಲ್ಲಿ ಕುರ್ಚಿಯೂ ಇಲ್ಲ. ಅವರು ಗೆಲ್ಲಿಸಲೂ ಆಗದ, ಸೋಲಿಸಲೂ ಆಗದ ಜನ ಅವರ ನೀರಿನ ಬಗ್ಗೆ ತೀರ್ಮಾನ ಮಾಡುತ್ತಾರೆ.

2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳು ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕ ಕಟ್ಟುತ್ತಿವೆ. ಆ ದುಡ್ಡು ಲಾರಿಗೆ, ಆಟೊಗೆ, ಟೆಂಡರಿಗೆ ಹೋಗುತ್ತದೆ. ಕಸ ಬೀಳುವ, ಕೊಳಚೆ ಹರಿಯುವ ಊರುಗಳ ನೀರಿನ ಪರೀಕ್ಷೆ, ಕಸ ಮುಟ್ಟುವವರ ವರ್ಷದ ತಪಾಸಣೆ, ಅದರ ವರದಿ ಅವರ ಕೈಗೇ ಕನ್ನಡದಲ್ಲಿ ಕೊಡುವ ಖರ್ಚು, ಇವನ್ನೂ ಅದರಲ್ಲೇ ತೆಗೆದಿಡಬೇಕು. ಆಗ ಸಾಕ್ಷಿ ಹುಡುಕುವ ಕೆಲಸ ಮಾವಳ್ಳಿಪುರದ ಕೂಲಿಯವರ ತಲೆಯಿಂದ ಇಳಿದು ಕಸ ಹಾಕುವವರ ತಲೆಗೆ ಬರುತ್ತದೆ. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಪಾಲಿಕೆಗಳ ಬಜೆಟ್ಟಿನಲ್ಲಿ ಒಂದು ಸಾಲು ಸಾಕು.